ಓದುಗನ ಪಾಲಿನ ಬೀಡಿ

ಇತ್ತೀಚೆಗೆ ನಮ್ಮ ದೊಡ್ಡ ಕಂಪೆನಿಗಳ ಮುಖ್ಯಸ್ಥರಿಗೆ ಕೆಲಸದ ಗಂಟೆಗಳ ಚಿಂತೆ ಹತ್ತಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಇವೆರಡರ ನಡುವೆ, 2024ರ ಜುಲೈಯಲ್ಲಿ, ಐಟಿ ಕಂಪೆನಿಗಳಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ನೀಡುವ ಪ್ರಸ್ತಾಪವೊಂದು ಕರ್ನಾಟಕ ಸರಕಾರದ ಮುಂದೆ ಬಂತು. ಐಟಿ ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು.

ತಮಾಷೆಯೆಂದರೆ, ನೌಕರರ ಕ್ಷೇಮದ ಕುರಿತು ಇಷ್ಟೊಂದು ಮಾತು ಹಿಂದೆಂದೂ ಕೇಳಿಬಂದಿರಲಿಲ್ಲ. ಯೋಗ ಶಿಬಿರ, ಆಪ್ತ ಸಲಹೆ, ನಾಯಕತ್ವ ತರಬೇತಿ, ಕಚೇರಿಯೇ ಒಂದು ಕುಟುಂಬ ಎಂಬ ಭಾಷಣ ಎಲ್ಲವೂ ಇವೆ. ಆದರೆ ಕೆಲಸ ಎಷ್ಟು ಹೊತ್ತು, ಯಾವ ವೇಗದಲ್ಲಿ, ಎಷ್ಟು ಸಂಬಳಕ್ಕೆ ಎಂಬ ಪ್ರಶ್ನೆ ಬಂದಾಗ ಮಾತನಾಡುವವರು ಮೇಲಿನವರು ಮಾತ್ರ, ಕೆಳಗಿನವರು ಕೇಳಿಸಿಕೊಳ್ಳುವವರು. ದುಡಿಯುವವನ ಕ್ಷೇಮವೆಂಬುದು ಯಜಮಾನ ಒಳ್ಳೆಯ ಮನಸ್ಸಿನಿಂದ ನೀಡುವ ಕೊಡುಗೆಯೇ? ಅಥವಾ ಬೇರೇನಾದರೂ ದಾರಿಯಿಂದ ಬರುವಂಥದ್ದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಅಮೆರಿಕದ ಮ್ಯಾನೇಜ್‌ಮೆಂಟ್ ಗುರುಗಳ ಬಳಿಗೆ ಹೋಗಬೇಕಾಗಿಲ್ಲ. ಮಂಗಳೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಸಿಗುವ ಕಣ್ಣೂರಿನಲ್ಲಿ ಅದರ ಒಂದು ಚರಿತ್ರೆ ಇದೆ. ಆ ಚರಿತ್ರೆಯ ಇನ್ನೊಂದು ತುದಿ ನಮ್ಮದೇ ಕರಾವಳಿಯ ಮನೆಗಳ ಜಗಲಿಯಲ್ಲಿದೆ. ಅದು ಬೀಡಿಯ ಚರಿತ್ರೆ.

ಕೈಗೆ ಕೆಲಸ, ಕಿವಿಗೆ ಬಿಡುವು

ಬೀಡಿ ಕಟ್ಟುವುದನ್ನು ಕಂಡವರಿಗೆ ಅದರ ಲಯ ಗೊತ್ತು. ಎಲೆಯನ್ನು ನೀರಿನಲ್ಲಿ ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ತಂಬಾಕಿನ ಪುಡಿ ತುಂಬಿ ಬೆರಳ ತುದಿಯಲ್ಲಿ ಸುರುಟಬೇಕು, ತುದಿ ಮಡಚಿ ನೂಲು ಸುತ್ತಬೇಕು. ಚುರುಕಾದ ಕೈ ದಿನಕ್ಕೆ ಸಾವಿರದವರೆಗೆ ಕಟ್ಟುತ್ತದೆ. ಇಲ್ಲಿ ಯಂತ್ರದ ಸದ್ದಿಲ್ಲ. ಕೈಗೂ ಕಣ್ಣಿಗೂ ಪುರುಸೊತ್ತಿಲ್ಲದಿದ್ದರೂ ಕಿವಿ ಪೂರ್ತಿ ಬಿಡುವಾಗಿರುತ್ತದೆ.

ಈ ಬಿಡುವನ್ನು ಉತ್ತರ ಮಲಬಾರಿನ ಬೀಡಿ ಕಾರ್ಮಿಕರು ಬಳಸಿಕೊಂಡ ರೀತಿ ಅಪೂರ್ವವಾದುದು. 1930ರ ದಶಕದಿಂದ ಕಣ್ಣೂರು ಸುತ್ತಲಿನ ಬೀಡಿ ಶೆಡ್ಡುಗಳಲ್ಲಿ ಒಂದು ರೂಢಿ ಬೆಳೆಯಿತು. ಕೂತವರಲ್ಲಿ ಓದು ಬಲ್ಲ ಒಬ್ಬನನ್ನು ಆರಿಸಿ ಅವನಿಂದ ಪತ್ರಿಕೆ ಓದಿಸುವುದು. ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು. ಮೊದಲು ದಿನದ ಸುದ್ದಿ, ಆ ಮೇಲೆ ವಾರಪತ್ರಿಕೆ, ಕತೆ, ಕಾದಂಬರಿ, ರಾಜಕೀಯದ ಪುಸ್ತಕ. ನಡುನಡುವೆ ಪ್ರಶ್ನೆ, ವಾದ, ನಗು.

ಓದುತ್ತಾ ಕೂತವನು ಬೀಡಿ ಕಟ್ಟುವುದೆಂತು? ಕೂಲಿ ಸಿಗುವುದು ಕಟ್ಟಿದ ಬೀಡಿಯ ಲೆಕ್ಕಕ್ಕೆ. ಅದಕ್ಕೆ ಕಾರ್ಮಿಕರೇ ಉಪಾಯ ಕಂಡುಕೊಂಡರು. ಕೇಳುವವರೆಲ್ಲ ತಮ್ಮ ಪಾಲಿನಿಂದ ಒಂದಿಷ್ಟು ಬೀಡಿಗಳನ್ನು ಅವನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಇಪ್ಪತ್ತು ಮಂದಿ ಕೂತ ಶೆಡ್ಡಿನಲ್ಲಿ ತಲಾ ಹದಿನೈದು ಬೀಡಿ ಕೊಟ್ಟರೆ ಓದಿದವನಿಗೆ ಮುನ್ನೂರು ಬೀಡಿ ಆಗುತ್ತದೆ ಎಂದು ಲೆಕ್ಕ ಹಾಕಿದರೆ ಈ ವ್ಯವಸ್ಥೆಯ ಸರಳತೆ ನಮಗೆ ತಿಳಿಯುತ್ತದೆ. ಧಣಿಯ ಜೇಬಿನಿಂದ ಒಂದು ಕಾಸೂ ಹೋಗಲಿಲ್ಲ, ಅವನ ಒಪ್ಪಿಗೆಯನ್ನು ಯಾರೂ ಬೇಡಲಿಲ್ಲ. ತಮಗೆ ಬೇಕಾದ ಅರಿವಿನ ಬೆಲೆಯನ್ನು ಅರೆಹೊಟ್ಟೆಯ ಕಾರ್ಮಿಕರು ತಾವೇ ತೆತ್ತರು.

ಇಂಥದೇ ರೂಢಿ ಭೂಮಿಯ ಇನ್ನೊಂದು ಬದಿಯಲ್ಲೂ ಇತ್ತೆಂಬುದು ಕುತೂಹಲದ ಸಂಗತಿ. ಕ್ಯೂಬಾದ ಹವಾನಾ ನಗರದಲ್ಲಿ 1865ರಲ್ಲಿ ಚುಟ್ಟಾ ಕಾರ್ಖಾನೆಗಳ ಕಾರ್ಮಿಕರು ತಮ್ಮ ಕೂಲಿಯಿಂದ ವಂತಿಗೆ ಎತ್ತಿ ಓದುಗರನ್ನು ನೇಮಿಸಿಕೊಂಡಿದ್ದರು. ಮರುವರ್ಷವೇ ಅಲ್ಲಿನ ಸ್ಪೇನಿನ ಆಡಳಿತ ಅದನ್ನು ನಿಷೇಧಿಸಿತು. ಆದರೂ ರೂಢಿ ಸಾಯಲಿಲ್ಲ. ಕ್ಯೂಬಾದವರು ವಲಸೆ ಹೋದ ಅಮೆರಿಕದ ಟ್ಯಾಂಪಾ ನಗರದಲ್ಲಿ 1931ರಲ್ಲಿ ಮಾಲಿಕರು ಓದುಗರ ಪೀಠಗಳನ್ನೇ ಕಿತ್ತುಹಾಕಿ ರೇಡಿಯೋ ತಂದಿಟ್ಟರು. ರೇಡಿಯೋದಲ್ಲಿ ಏನು ಕೇಳಬೇಕೆಂಬುದನ್ನು ಕಾರ್ಮಿಕ ತೀರ್ಮಾನಿಸುವುದಿಲ್ಲವಲ್ಲ! ಓದುವ ಒಬ್ಬ ಬಡಪಾಯಿಯನ್ನು ಕಂಡು ಸರಕಾರಗಳೂ ಮಾಲಿಕರೂ ಯಾಕೆ ಬೆದರಿದರು? ಒಟ್ಟಿಗೆ ಕೂತು ಕೇಳುವವರು ಸ್ವಲ್ಪ ಸಮಯದಲ್ಲೇ ಒಟ್ಟಿಗೆ ಮಾತನಾಡಲೂ ತೊಡಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಕಣ್ಣೂರಿನಲ್ಲಿ ಆದದ್ದೂ ಅದೇ. ಬೀಡಿ ಶೆಡ್ಡುಗಳಿಂದ ಕಾರ್ಮಿಕ ಸಂಘಗಳು ಹುಟ್ಟಿದವು, ಮುಷ್ಕರಗಳು ನಡೆದವು, ಗ್ರಂಥಾಲಯಗಳು ಬೆಳೆದವು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಎಷ್ಟೋ ಮಂದಿ ಅಲ್ಲಿಂದ ರಾಜಕೀಯದ ಮುಂದಾಳುಗಳಾದರು. ನಾಯಕತ್ವದ ತರಬೇತಿ ಎಂದು ಇವತ್ತು ಯಾವುದನ್ನು ಸಾವಿರಾರು ರೂಪಾಯಿ ಶುಲ್ಕಕ್ಕೆ ಮಾರಲಾಗುತ್ತದೋ ಅದು ಅಲ್ಲಿ ತಂಬಾಕಿನ ಧೂಳಿನ ನಡುವೆ ನಡೆಯುತ್ತಿತ್ತು.

ಕಾಯ್ದೆ ಬಂತು, ಕಂಪೆನಿ ಹೋಯಿತು

ಬೀಡಿ ಉದ್ಯಮದ ಮುಖ್ಯ ಸಮಸ್ಯೆ ಮಾಲಿಕ ಕಣ್ಣಿಗೆ ಕಾಣದಿರುವುದು. ಕಂಪೆನಿ ಎಲೆ, ತಂಬಾಕುಗಳನ್ನು ಗುತ್ತಿಗೆದಾರನಿಗೆ ಕೊಡುತ್ತದೆ, ಗುತ್ತಿಗೆದಾರ ಕಾರ್ಮಿಕರಿಗೆ ಹಂಚುತ್ತಾನೆ. ಕೂಲಿ ಕಡಿಮೆಯಾಯಿತೆಂದರೆ ಗುತ್ತಿಗೆದಾರ ಕಂಪೆನಿಯತ್ತ ಬೆರಳು ತೋರಿಸುತ್ತಾನೆ. ಕಂಪೆನಿಯನ್ನು ಕೇಳಿದರೆ ಇವರು ನಮ್ಮ ಕೆಲಸಗಾರರೇ ಅಲ್ಲ ಎನ್ನುತ್ತದೆ.

ಇದನ್ನು ಸರಿಪಡಿಸಲೆಂದು ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ತಂದಿತು. ಗುತ್ತಿಗೆದಾರನ ಮೂಲಕ ದುಡಿದರೂ, ಮನೆಯಲ್ಲಿ ಕೂತು ಕಟ್ಟಿದರೂ ಅವರು ಕಾರ್ಮಿಕರೇ ಎಂದಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದಿತು. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆ, ಶಿಶುವಿಹಾರ, ಕುಡಿಯುವ ನೀರು, ಶೌಚಾಲಯಗಳ ಮಾತನ್ನಾಡಿತು. ಬೀಡಿ ಸರಿಯಿಲ್ಲವೆಂದು ತಳ್ಳಿಹಾಕಿ ಕೂಲಿ ಮುರಿಯುವುದು ಈ ಉದ್ಯಮದ ಹಳೆಯ ಅನ್ಯಾಯ. ಆ ಬಗೆಗಿನ ತಕರಾರುಗಳನ್ನು ತೀರ್ಮಾನಿಸಲು ಒಬ್ಬ ಅಧಿಕಾರಿ ಇರಬೇಕೆಂದಿತು. ಆದರೆ ಈ ಕಾಯ್ದೆಯಲ್ಲಿ ಒಂದು ಸಡಿಲ ಗಂಟೂ ಇತ್ತು. ಯಾವ ರಾಜ್ಯದಲ್ಲಿ ಯಾವಾಗ ಜಾರಿಯಾಗಬೇಕೆಂಬುದನ್ನು ಆಯಾ ರಾಜ್ಯ ಸರಕಾರಕ್ಕೆ ಬಿಡಲಾಗಿತ್ತು.

ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಎರಡನೇ ಸರಕಾರವಿತ್ತು. ಅದು ಕಾಯ್ದೆ ಜಾರಿಗೊಳಿಸಲು ಮುಂದಾಯಿತು. ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ದೊಡ್ಡ ಕಂಪೆನಿಗಳು ಮಂಗಳೂರಿನವು. ಅವುಗಳಲ್ಲಿ ಗಣೇಶ್ ಬೀಡಿ ಮುಖ್ಯವಾದುದು. ಕಾಯ್ದೆಯ ಹೊರೆ ಹೊರಲಾಗದೆಂದು ಅವು 1968ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೆಲಸ ನಿಲ್ಲಿಸಿದವು. ಸುಮಾರು 12 ಸಾವಿರ ಮಂದಿ ಬೀದಿಗೆ ಬಿದ್ದರು. ಕಾಯ್ದೆಯನ್ನು ಪ್ರಶ್ನಿಸಿ ಮಾಲಿಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರದ ನಡುವಿನ ಆ ಮೊಕದ್ದಮೆಯಲ್ಲಿ 1974ರಲ್ಲಿ ತೀರ್ಪು ಬಂತು. ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆದರೆ ಕೋರ್ಟಿನ ತೀರ್ಪಿನವರೆಗೆ ಹಸಿವು ಕಾಯುವುದಿಲ್ಲ. ಕಣ್ಣೂರಿನ ಕಾರ್ಮಿಕರು ಮತ್ತು ಕೇರಳ ಸರಕಾರ ಸೇರಿ ಬೇರೊಂದು ದಾರಿ ಹುಡುಕಿದರು. 1969ರ ಫೆಬ್ರವರಿ 15ರಂದು ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘ ಕೆಲಸ ಶುರುಮಾಡಿತು. ಸದಸ್ಯರಾಗಲು ಷೇರು ಹಣವೂ ಇಲ್ಲದ ಕಾರ್ಮಿಕರಿಗೆ ಸರಕಾರ ಸಾಲ ಕೊಟ್ಟಿತು.

ಧಣಿ ಇಲ್ಲದ ಶೆಡ್ಡು

ಮೂರು ಸಾವಿರದಷ್ಟು ಕಾರ್ಮಿಕರಿಂದ ಶುರುವಾದ ದಿನೇಶ್ 1980ರ ದಶಕದಲ್ಲಿ ನಲವತ್ತು ಸಾವಿರದ ಆಸುಪಾಸಿಗೆ ಬೆಳೆಯಿತು. ಅದರ ರಚನೆಯನ್ನು ಗಮನಿಸಬೇಕು. ಊರೂರುಗಳಲ್ಲಿ ಪ್ರಾಥಮಿಕ ಸಂಘಗಳು. ಅವುಗಳ ಆಡಳಿತ ಮಂಡಳಿಯನ್ನು ಆರಿಸುವವರು ಕಾರ್ಮಿಕರು. ಅವುಗಳ ಮೇಲೆ ಕಣ್ಣೂರಿನಲ್ಲಿ ಕೇಂದ್ರ ಸಂಘ. ಅದರಲ್ಲಿ ಚುನಾಯಿತರ ಜೊತೆ ಸರಕಾರದ ಪ್ರತಿನಿಧಿಗಳು. ಎಲೆ, ತಂಬಾಕು ಖರೀದಿಸುವುದು ಮತ್ತು ಬೀಡಿ ಮಾರುವುದು ಕೇಂದ್ರದ ಹೊಣೆ. ಕಟ್ಟಿಸುವುದು ಪ್ರಾಥಮಿಕ ಸಂಘಗಳ ಹೊಣೆ.

ಯಾವ ಕಾಯ್ದೆಯಿಂದ ಉದ್ಯಮವೇ ಮುಳುಗುತ್ತದೆಂದು ಖಾಸಗಿ ಮಾಲಿಕರು ಹೇಳಿದ್ದರೋ ಅದೇ ಕಾಯ್ದೆಯನ್ನು ದಿನೇಶ್ ಮೊದಲ ದಿನದಿಂದ ತನ್ನದಾಗಿಸಿಕೊಂಡಿತು. ಭವಿಷ್ಯನಿಧಿ, ಗ್ರಾಚ್ಯುಯಿಟಿ, ಬೋನಸ್, ಸಂಬಳಸಹಿತ ರಜೆ, ಹೆರಿಗೆ ಸೌಲಭ್ಯ ಬಂದವು. ಮುಂದೆ ನಿವೃತ್ತರಿಗೆ ಪಿಂಚಣಿಯೂ ಬಂತು. ಹೀಗಿದ್ದೂ ಸಂಸ್ಥೆ ಮುಳುಗದೆ ದಶಕಗಳ ಕಾಲ ಲಾಭದಲ್ಲಿ ನಡೆಯಿತು. ಓದುವ ರೂಢಿಯೂ ಶೆಡ್ಡಿನಲ್ಲಿ ಮುಂದುವರಿಯಿತು. ಧಣಿಯೇ ಇಲ್ಲದ ಕಾರಣ ಈಗ ಅದನ್ನು ಸಂಶಯದಿಂದ ನೋಡುವವರೂ ಇರಲಿಲ್ಲ.

ದಿನೇಶ್ ಒಂದು ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಕೂಲಿ ಅಲ್ಲಿಯೂ ಬೀಡಿಯ ಲೆಕ್ಕಕ್ಕೇ. ರಾಜಕೀಯ ಪಕ್ಷದ ನೆರಳು ಅದರ ಮೇಲೆ ದಟ್ಟವಾಗಿಯೇ ಇತ್ತು. ದಿನ ಕಳೆದಂತೆ ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚಾದರೂ ಆಡಳಿತದಲ್ಲಿ ಗಂಡಸರದ್ದೇ ಮೇಲುಗೈಯಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅವರು ತಯಾರಿಸುತ್ತಿದ್ದ ಸರಕೇ ಜೀವ ತೆಗೆಯುವಂಥದ್ದು. ಸೇದುವವನ ಶ್ವಾಸಕೋಶವನ್ನಷ್ಟೇ ಅಲ್ಲ, ತಂಬಾಕಿನ ಧೂಳು ಕಟ್ಟುವವರ ಎದೆಯನ್ನೂ ಹೊಕ್ಕುತ್ತದೆ. ಉಸಿರಿನ ತೊಂದರೆ, ಬೆನ್ನುನೋವು, ಕಣ್ಣುರಿ ಈ ಕೆಲಸದ ಖಾಯಂ ಸಂಗಾತಿಗಳು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕೂಡದೆಂದು ಕೇರಳ ಹೈಕೋರ್ಟ್ 1999ರಲ್ಲಿ ತೀರ್ಪಿತ್ತಾಗ, 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂದಾಗ, ನಾಡಿನ ಆರೋಗ್ಯವನ್ನು ಬಯಸುವ ಯಾರೂ ಬೇಸರಪಡಲಾರರು.

ಇಲ್ಲಿಯೂ ದಿನೇಶಿನಿಂದ ಕಲಿಯುವುದಿದೆ. ಬೀಡಿಗೆ ಭವಿಷ್ಯವಿಲ್ಲವೆಂದು ಅರಿತ ಸಂಘ 1990ರ ದಶಕದ ಕೊನೆಯಿಂದ ತೆಂಗಿನಹಾಲು, ಮಸಾಲೆ ಪುಡಿ, ಕೊಡೆ, ಮುಂದೆ ಸಿದ್ಧ ಉಡುಪುಗಳತ್ತ ತಿರುಗಿತು. ಬೀಡಿ ಕಟ್ಟುವವರ ಸಂಖ್ಯೆ ಇಂದು ಹಳೆಯದರ ಒಂದು ಚಿಕ್ಕ ಪಾಲು ಮಾತ್ರ. ಹೊಸ ಉದ್ಯೋಗಗಳು ಎಲ್ಲರನ್ನೂ ಸಲಹಲಿಲ್ಲ, ನಿಜ. ಆದರೆ ಉದ್ಯಮ ಕುಸಿದಾಗ ಕಾರ್ಮಿಕರ ಗತಿಯೇನು ಎಂಬುದನ್ನು ಸಂಸ್ಥೆ ತನ್ನದೇ ಪ್ರಶ್ನೆಯಾಗಿ ಎತ್ತಿಕೊಂಡಿತು. ಯಾಕೆಂದರೆ ಸಂಸ್ಥೆಯೆಂದರೆ ಆ ಕಾರ್ಮಿಕರೇ.

ನಮ್ಮ ಜಗಲಿಯ ಕತೆ

ಇನ್ನು ಗಡಿಯ ಈಚೆ ಬರೋಣ. ದಕ್ಷಿಣ ಕನ್ನಡದಲ್ಲಿ ಬೀಡಿ ಮುಖ್ಯವಾಗಿ ಮನೆಯ ಕೆಲಸವಾಯಿತು. ಬ್ರಾಂಚಿನಿಂದ ಎಲೆ, ತಂಬಾಕು ತಂದು ಮನೆಯಲ್ಲಿ ಕಟ್ಟಿ, ಲೆಕ್ಕದ ಪುಸ್ತಕದೊಂದಿಗೆ ಮತ್ತೆ ಬ್ರಾಂಚಿಗೆ ಒಯ್ಯುವುದು. ಕಟ್ಟುವವರು ಹೆಚ್ಚಾಗಿ ಹೆಂಗಸರು. ಬಿಲ್ಲವ, ಬಂಟ, ಮೊಗೇರ, ಬ್ಯಾರಿ, ಕ್ರೈಸ್ತ ಎನ್ನದೆ ಎಲ್ಲ ಮನೆಗಳವರು.

ಇದರಿಂದ ಆದ ಒಳಿತನ್ನು ಮರೆತರೆ ನಾವು ಕೃತಘ್ನರಾಗುತ್ತೇವೆ. ಹೊರಗೆ ದುಡಿಯಲು ಹೋಗುವುದು ಸುಲಭವಲ್ಲದಿದ್ದ ಮುಸ್ಲಿಂ ಹೆಂಗಸರ ಕೈಗೆ ಮೊದಲ ಬಾರಿಗೆ ಸ್ವಂತದ ನಾಲ್ಕು ಕಾಸು ಬಂದದ್ದು ಬೀಡಿಯಿಂದ. ಗಂಡ ತೀರಿಹೋದ ಮನೆ, ಗಂಡ ಬಿಟ್ಟುಹೋದ ಮನೆ, ಗಲ್ಫಿಗೆ ಹೋದವನ ಹಣ ಬಾರದ ಮನೆ, ಎಷ್ಟೋ ಒಲೆಗಳು ಉರಿದದ್ದು ಈ ಎಲೆಯ ಬಲದಿಂದ. ಮಕ್ಕಳ ಶಾಲೆಯ ಫೀಸು, ಮಗಳ ಮದುವೆಯ ಚಿನ್ನ, ಮುದುಕರ ಔಷಧ ಎಲ್ಲದರಲ್ಲೂ ಉಮ್ಮಂದಿರ ಬೆರಳ ಸವೆತವಿದೆ. ಹಾಗೆಯೇ, ತಾಯಿಯ ಲೆಕ್ಕ ತುಂಬಿಸಲು ಶಾಲೆ ಬಿಟ್ಟು ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳ ಕಣ್ಣೀರೂ ಇದೆ. ಕಾರ್ಖಾನೆಯಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಿದ ಕಾಯ್ದೆಗೆ ಮನೆಯ ಜಗಲಿ ಕಾಣಿಸಲಿಲ್ಲ.

ಹೋರಾಟಗಳು ಇಲ್ಲಿ ನಡೆಯಲಿಲ್ಲವೆಂದಲ್ಲ. ಕನಿಷ್ಠ ಕೂಲಿಗಾಗಿ, ತುಟ್ಟಿಭತ್ಯೆಗಾಗಿ ಕಾರ್ಮಿಕ ಸಂಘಟನೆಗಳು ಮಂಗಳೂರಿನಲ್ಲಿ ಮತ್ತೆ ಮತ್ತೆ ಬೀದಿಗಿಳಿದಿವೆ. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ಯಮಕ್ಕೆ ವಿಸ್ತರಣೆಯಾಯಿತು. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರಲ್ಲವೆಂದು ಮಾಲಿಕರು ವಾದಿಸಿದಾಗ ಸುಪ್ರೀಂ ಕೋರ್ಟು 1985ರ ತೀರ್ಪಿನಲ್ಲಿ ಆ ವಾದವನ್ನು ತಳ್ಳಿಹಾಕಿತು. 1976ರ ಕಾಯ್ದೆಯ ಪ್ರಕಾರ ಬೀಡಿಯ ಮೇಲೆ ಸೆಸ್ ಎತ್ತಿ ಕ್ಷೇಮನಿಧಿ ಕಟ್ಟಲಾಯಿತು. ಅದರಿಂದ ಚಿಕಿತ್ಸಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೆ ನೆರವು ಸಿಕ್ಕಿತು.

ಆದರೂ ಕಣ್ಣೂರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಉಳಿಯಿತು. ಎಲೆ ಒಂದೇ, ತಂಬಾಕು ಒಂದೇ, ಕಾಯ್ದೆಯೂ ಒಂದೇ. ಅಲ್ಲಿ ಕಾರ್ಮಿಕರು ಒಂದೇ ಸೂರಿನಡಿ ಕೂತರು, ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಜಗಲಿಯಲ್ಲಿ ಕೂತರು. ಬ್ರಾಂಚಿನಲ್ಲಿ ಕಟ್ಟು ತಿರಸ್ಕೃತವಾದಾಗ ಅಲ್ಲಿ ಹತ್ತು ಮಂದಿ ಒಟ್ಟಿಗೆ ಯಾಕೆ ಎಂದು ಕೇಳಬಹುದಿತ್ತು. ಇಲ್ಲಿ ಒಬ್ಬಳೇ ಹೆಂಗಸು ಎದುರಿಗೆ ನಿಂತು, ನಾಳೆ ಎಲೆ ಸಿಗದೆ ಹೋದರೆ ಎಂದು ಹೆದರಿ, ಬಾಯಿ ಮುಚ್ಚಿ ಮನೆಗೆ ಮರಳಬೇಕಿತ್ತು. ಅವಳಿಗೆ ಪತ್ರಿಕೆ ಓದಿ ಹೇಳುವವರೂ ಇರಲಿಲ್ಲ. ಕೋರ್ಟು ತನ್ನ ಪರವಾಗಿ ತೀರ್ಪು ಕೊಟ್ಟಿದೆ ಎಂಬುದೇ ಎಷ್ಟೋ ಮಂದಿಗೆ ತಿಳಿಯಲಿಲ್ಲ. ಹಕ್ಕು ಕಾಗದದಲ್ಲಿದ್ದರೆ ಸಾಲದು. ಅದನ್ನು ಓದಿ ಹೇಳುವ ಒಂದು ದನಿ ಮತ್ತು ಕೇಳುವ ಒಂದು ಕೂಟ ಬೇಕು.

ಬೆವರು ಮತ್ತು ಮಾತು

ಕೆಲಸಗಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿ ಮುಹಮ್ಮದ್ (ಸ)ರ ಆದೇಶ ನಮ್ಮ ಮಸೀದಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅಷ್ಟಾಗಿ ಕೇಳಿಬರದ ಇನ್ನೊಂದು ವಚನವಿದೆ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು. ನೀವು ಉಣ್ಣುವುದನ್ನೇ ಅವರಿಗೂ ಉಣಿಸಿರಿ, ಶಕ್ತಿ ಮೀರಿದ ಹೊರೆ ಹೊರಿಸಬೇಡಿರಿ, ಹೊರಿಸಿದರೆ ನೀವೂ ಹೆಗಲು ಕೊಡಿರಿ ಎಂಬುದು ಅದರ ತಾತ್ಪರ್ಯ. ಹತ್ತು ವರ್ಷ ಸೇವೆ ಮಾಡಿದ ಅನಸ್ (ರ) ಅವರು, ಪ್ರವಾದಿಯವರು ತಮ್ಮ ಮೇಲೆ ಒಮ್ಮೆಯೂ 'ಛೆ' ಎನ್ನಲಿಲ್ಲವೆಂದು ನೆನೆದಿದ್ದಾರೆ. ನಾಯಕತ್ವಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ಕೈಕೆಳಗಿದ್ದವನೇ ಇಲ್ಲಿ ಸಾಕ್ಷಿ ಹೇಳುತ್ತಿದ್ದಾನೆ ಎಂಬುದನ್ನು ಗಮನಿಸಬೇಕು. ಯಜಮಾನ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಪ್ರಮಾಣಪತ್ರ ಇದಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಸಮುದಾಯದ ಅಂಗಡಿ, ಹೊಟೇಲು, ಶಾಲೆ, ಆಸ್ಪತ್ರೆಗಳನ್ನೂ ನಾವು ನೋಡಿಕೊಳ್ಳಬೇಕಾಗಿದೆ. ಮದ್ರಸದ ಉಸ್ತಾದರ ಸಂಬಳ, ಖಾಸಗಿ ಶಾಲೆಯ ಶಿಕ್ಷಕಿಯರ ಸಂಬಳ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹುಡುಗಿಯರಿಗೆ ಒಂದು ಕುರ್ಚಿ, ಇವುಗಳ ಲೆಕ್ಕ ಕೊಡದೆ ಕಾರ್ಪೊರೇಟ್ ಧಣಿಗಳನ್ನು ಮಾತ್ರ ಟೀಕಿಸಿದರೆ ಆ ಮಾತಿಗೆ ತೂಕವಿರುವುದಿಲ್ಲ.

ಚರಿತ್ರೆ ಈಗ ಇನ್ನೊಂದು ತಿರುವಿನಲ್ಲಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಯ ಮೇಲಿನ ಸೆಸ್ ರದ್ದಾಯಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಯಾವುದಕ್ಕಾಗಿ ಕಣ್ಣೂರಿನ 12 ಸಾವಿರ ಮಂದಿ ಕೆಲಸ ಕಳೆದುಕೊಂಡಿದ್ದರೋ ಆ 1966ರ ಕಾಯ್ದೆ ಪ್ರತ್ಯೇಕ ಕಾಯ್ದೆಯಾಗಿ ಇಲ್ಲವಾಯಿತು; ಅದರ ಕೆಲವು ಅಂಶಗಳು ಮಾತ್ರ ಹೊಸ ಸಂಹಿತೆಯೊಳಗೆ ಸೇರಿಕೊಂಡವು. ಅದೇ ವರ್ಷ ಕರ್ನಾಟಕ ಸರಕಾರ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟನ್ನು ಕಂಪೆನಿಯಿಂದ ಕ್ಷೇಮನಿಧಿಗೆ ಪಡೆಯುವ ಏರ್ಪಾಡು ಅದರಲ್ಲಿದೆ. ಇದು ಹಳೆಯ ಬೀಡಿ ಸೆಸ್‌ನ ದಾರಿಯೇ.

ದಾರಿ ಹಳೆಯದಾಗುವುದಕ್ಕೆ ಕಾರಣ ರೋಗವೂ ಹಳೆಯದಾಗಿರುವುದು. ಊಟ ಹೊತ್ತು ಬೈಕಿನಲ್ಲಿ ಓಡುವ ಹುಡುಗ, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ರಾತ್ರಿ ಕಳೆಯುವ ಇಂಜಿನಿಯರ್, ಇಬ್ಬರೂ ಒಂದರ್ಥದಲ್ಲಿ ಜಗಲಿಯಲ್ಲಿ ಒಂಟಿಯಾಗಿ ಬೀಡಿ ಕಟ್ಟಿದ ನಮ್ಮ ಉಮ್ಮಂದಿರ ಸಾಲಿನಲ್ಲೇ ಕೂತಿದ್ದಾರೆ. ಆ್ಯಪಿನ ಕಂಪೆನಿ ಹುಡುಗನಿಗೆ ಹೇಳುವುದೂ ಅದೇ ಹಳೆಯ ಮಾತು: ನೀನು ನಮ್ಮ ನೌಕರನಲ್ಲ. ಗ್ರಾಹಕ ಕೊಟ್ಟ ಕಡಿಮೆ ನಕ್ಷತ್ರ ಅವನ ಪಾಲಿಗೆ ತಿರಸ್ಕೃತ ಕಟ್ಟು. ಯಾಕೆ ಎಂದು ಕೇಳಲು ಅವನೆದುರು ಒಬ್ಬ ಮನುಷ್ಯನೂ ಇಲ್ಲ.

ಇವರಿಗೆ ಯೋಗ ಶಿಬಿರ ಬೇಡವೆಂದಲ್ಲ. ಅದಕ್ಕಿಂತ ಮೊದಲು ಬೇಕಾದದ್ದು ಒಟ್ಟಿಗೆ ಕೂರುವ ಒಂದು ಜಾಗ, ತಮ್ಮ ಕೆಲಸದ ಬಗ್ಗೆ ತಾವೇ ಮಾತನಾಡುವ ಹಕ್ಕು. ಕಣ್ಣೂರಿನ ಬೀಡಿ ಕಾರ್ಮಿಕರು ಅದನ್ನು ಯಾರಿಂದಲೂ ಬೇಡಿ ಪಡೆಯಲಿಲ್ಲ. ತಮ್ಮ ಪಾಲಿನ ಕೆಲವು ಬೀಡಿಗಳನ್ನು ಓದುವವನ ಕಡೆಗೆ ಸರಿಸಿ ಅದನ್ನು ಕಟ್ಟಿಕೊಂಡರು. ಇಂದಿನ ದುಡಿಯುವವರು ತಮ್ಮ ಪಾಲಿನಿಂದ ಏನನ್ನು ತೆಗೆದು ಯಾರ ಕಡೆಗೆ ಸರಿಸಲು ಸಿದ್ಧರಿದ್ದಾರೆ ಎಂಬುದರ ಮೇಲೆ ಅವರ ನಾಳೆಯ ಕ್ಷೇಮ ನಿಂತಿದೆ.